ದೊಡ್ಡ ಗೇಟು, ಗಿಡ್ಡ ಗೋಡೆ

2019ರ ನವೆಂಬರ್ 12ರ ರಾತ್ರಿ ವೆನಿಸ್ಸಿನಲ್ಲಿ ಕಡಲು 187 ಸೆಂಟಿಮೀಟರಿನವರೆಗೆ ಉಕ್ಕಿತು. ದಾಖಲೆಯಲ್ಲಿ ಅದನ್ನು ಮೀರಿದ್ದು 1966ರ 194 ಮಾತ್ರ. ಸಂತ ಮಾರ್ಕನ ಬಸಿಲಿಕಾದ ನೆಲಮಾಳಿಗೆಗೂ ಉಪ್ಪುನೀರು ನುಗ್ಗಿತು. ಊರನ್ನು ಕಾಯಬೇಕಿದ್ದ ‘ಮೋಸೆ’ ತಡೆಗೇಟುಗಳು ಆಗಿನ್ನೂ ಸಿದ್ಧವಿರಲಿಲ್ಲ. ತಾಂತ್ರಿಕ ತೊಡಕು, ಏರುತ್ತಲೇ ಹೋದ ಖರ್ಚು, 2014ರಲ್ಲಿ ಬಯಲಾದ ಲಂಚದ ಹಗರಣ ಎಲ್ಲವೂ ಸೇರಿ ಕೆಲಸವನ್ನು ವರ್ಷಗಟ್ಟಲೆ ಎಳೆದಿದ್ದವು.

2020ರ ಅಕ್ಟೋಬರ್ 3ರಂದು ಅವು ಮೊದಲ ಸಲ ನಿಜವಾದ ಉಬ್ಬರಕ್ಕೆ ಎದುರು ನಿಂತವು. ಊರನ್ನು ಸುತ್ತುವರಿದ ಲಗೂನು ಕಡಲಿಗೆ ತೆರೆಯುವ ಮೂರು ಬಾಯಿಗಳ ತಳದಲ್ಲಿ ಮಲಗಿರುವ 78 ಟೊಳ್ಳು ಉಕ್ಕಿನ ಗೇಟುಗಳು, ಒಳಗಿನ ನೀರನ್ನು ಗಾಳಿ ಹೊರಗೆ ತಳ್ಳಿದೊಡನೆ ಮೇಲೇಳುತ್ತವೆ. ಮೆಚ್ಚಲೇಬೇಕಾದ ಕೆಲಸ. ಊರು ಉಳಿಯಿತು.

ಆದರೆ ಬಸಿಲಿಕಾ? ಗೇಟು ಎತ್ತುವುದು ಉಬ್ಬರ 110 ಸೆಂಟಿಮೀಟರ್ ಮುಟ್ಟುವ ಸೂಚನೆಯಿದ್ದಾಗ. ಅದಕ್ಕೆ ಬಹಳ ಮೊದಲೇ ಮುಂದಿನ ಚೌಕದಲ್ಲಿ ನೀರು ನಿಲ್ಲುತ್ತದೆ. ಬಸಿಲಿಕಾದ ಮೊಗಸಾಲೆ ಅದಕ್ಕಿಂತಲೂ ತಗ್ಗಿನಲ್ಲಿದೆ. ಹಡಗು ಓಡಾಡಬೇಕು, ಲಗೂನಿನ ನೀರು ಹರಿದಾಡಬೇಕು. ಸಣ್ಣಪುಟ್ಟ ಉಬ್ಬರಕ್ಕೆಲ್ಲ ಗೇಟು ಎತ್ತಲಾಗದು. 2020ರ ಡಿಸೆಂಬರ್ 8ರಂದು ಮುನ್ಸೂಚನೆ ತಪ್ಪಿ ಗೇಟು ಏಳಲೇ ಇಲ್ಲ. ನೀರು 138ಕ್ಕೆ ಏರಿ ಬಸಿಲಿಕಾ ಮತ್ತೆ ತೊಯ್ದಿತು.

ಈ ಕೊರತೆಯನ್ನು ತುಂಬಿದ್ದು 2022ರಲ್ಲಿ ಕಟ್ಟಡದ ಸುತ್ತ ಎದ್ದ ಗಿಡ್ಡ ಗಾಜಿನ ಗೋಡೆ. 110ರ ಒಳಗಿನ ಉಬ್ಬರವನ್ನು ಗಾಜು ತಡೆದರೆ, ಅದರ ಮೇಲಿನದನ್ನು ಗೇಟು ತಡೆಯುತ್ತದೆ. ಭವ್ಯ ಮುಖಮಂಟಪದ ಮುಂದೆ ಗಾಜು ಕಣ್ಣಿಗೆ ಒತ್ತುತ್ತದೆ, ನಿಜ. ಆದರೂ ನಾನು ಅದರ ಪರ. ಅದು ತಾತ್ಕಾಲಿಕ, ಚೌಕವನ್ನೇ ಕಾಯುವ ಕೆಲಸ ಮುಗಿದ ಮೇಲೆ ತೆಗೆಯಬಹುದು. ಉಪ್ಪು ತಿಂದ ಅಮೃತಶಿಲೆ ಮರಳಿ ಬಾರದು.

ಉಪ್ಪಿನ ಮಾತಿನಲ್ಲೇ ಈ ರಕ್ಷಣೆಯ ಮಿತಿಯೂ ಇದೆ. ಇಟ್ಟಿಗೆ ಕಡಲನೀರನ್ನು ಹೀರಿ ಮೇಲಕ್ಕೆಳೆಯುತ್ತದೆ. ಒಣಗುವಾಗ ಒಳಗುಳಿದ ಉಪ್ಪು ಹರಳುಗಟ್ಟಿ, ಕಲ್ಲನ್ನೂ ಮೊಸಾಯಿಕ್ಕಿನ ಗಾರೆಯನ್ನೂ ಒಳಗಿನಿಂದಲೇ ಸಿಡಿಸುತ್ತದೆ. ನೀರಿಳಿದು ವರ್ಷಗಳಾದರೂ ಈ ಸವೆತ ನಿಲ್ಲದು. ಗಾಜಾಗಲಿ ಗೇಟಾಗಲಿ ಹೊಸ ನೀರನ್ನು ತಡೆಯಬಲ್ಲವೇ ಹೊರತು ಹಳೆಯ ಉಪ್ಪನ್ನು ತೆಗೆಯಲಾರವು. ಅದಕ್ಕೆ ಬೇಕಾದದ್ದು ಉಪ್ಪು ಹೀರುವ ಲೇಪ, ಕಲ್ಲು ಬಲ್ಲ ಕೈ ಮತ್ತು ಪ್ರತಿವರ್ಷ ತಪ್ಪದೆ ಬರುವ ಹಣ.

ಸ್ಮಾರಕ ರಕ್ಷಣೆಯ ಯೋಜನೆಯನ್ನು ಅದು ತಡೆಯಬಲ್ಲ ಅತಿ ದೊಡ್ಡ ಪ್ರವಾಹದಿಂದ ಅಳೆಯುವುದು ರೂಢಿ. ಅಳೆಯಬೇಕಾದದ್ದು ಕಟ್ಟಡದ ಅತಿ ತಗ್ಗಿನ ಹೊಸ್ತಿಲಿನಿಂದ. ವೆನಿಸ್ ಮೊದಲು ಆ ಹೊಸ್ತಿಲನ್ನು ಕಾದು, ಆಮೇಲೆ ಕಡಲಿನ ಕಡೆ ಹೋಗಿದ್ದರೆ ಬಸಿಲಿಕಾ ಇಷ್ಟು ಉಪ್ಪು ಕುಡಿಯುತ್ತಿರಲಿಲ್ಲ.