ಒಂದು ದಿನದ ಧ್ವನಿಮುದ್ರಣ: ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ ಕುರಿತು

‘ಕಾರ್ಖಾನೆಯ ಸದ್ದೇ ಹೆವಿ ಮೆಟಲ್ ಆಯಿತು’ ಎಂಬ ಮಾತನ್ನು ನಾವು ಪದೇ ಪದೇ ಕೇಳ್ತೀವಿ. ಸೊಲ್ಲಾಪುರದಾಗ ಮಗ್ಗದ ಸದ್ದಿನ ನಡುವೆ ಬೆಳೆದ ನನಗೂ ಅದು ಮೊದಲಿಗೆ ಹಿಡಿಸಿತ್ತು. ಈಗ ಅನುಮಾನ ಅದ. ಸದ್ದು ತಾನಾಗಿ ಸಂಗೀತ ಆಗೂದಿದ್ರ, ನಮ್ಮ ಓಣಿಓಣಿಗೂ ಒಂದು ಬ್ಯಾಂಡ್ ಇರಬೇಕಿತ್ತು.

ದಾಖಲೆ ನೋಡೋಣ. ಬರ್ಮಿಂಗ್‌ಹ್ಯಾಮಿನ ಆಸ್ಟನ್ ಭಾಗದ ನಾಲ್ವರು ಹುಡುಗರು, ಎಲ್ಲರೂ ಇಪ್ಪತ್ತರ ಆಸುಪಾಸಿನವರು, 1969ರ ಅಕ್ಟೋಬರ್‌ನಲ್ಲಿ ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೊಗೆ ಹೋದರು. ನಿರ್ಮಾಪಕ ರಾಜರ್ ಬೇನ್. ಬಾರಿಸಿ ಹಾಡಲು ಸಿಕ್ಕದ್ದು ಒಂದೇ ದಿನ. ಹಾಗಾಗಿ ವೇದಿಕೆ ಮೇಲೆ ಬಾರಿಸುತ್ತಿದ್ದುದನ್ನೇ ಒಟ್ಟಿಗೆ ನಿಂತು ಬಾರಿಸಿದರು. ಮಳೆ, ಗುಡುಗು, ಗಂಟೆಯ ಸದ್ದು ಆಮೇಲೆ ಸೇರಿದವು. 1970ರ ಫೆಬ್ರುವರಿ 13ರಂದು ಆಲ್ಬಮ್ ಹೊರಬಂತು.

ಟೋನಿ ಅಯೋಮಿಯ ಬೆರಳಿನ ಕಥೆ ಎಲ್ಲರಿಗೂ ಗೊತ್ತು. ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಹೋದವು. ಕರಗಿಸಿದ ಪ್ಲಾಸ್ಟಿಕ್‌ನಿಂದ ತುದಿ ಮಾಡಿಕೊಂಡು, ತೆಳು ತಂತಿ ಹಾಕಿ ಮತ್ತೆ ಬಾರಿಸಿದ. ಅದಕ್ಕೇ ತಂತಿ ಸಡಿಲಿಸಿದ, ಅದರಿಂದಲೇ ಈ ಭಾರ ಬಂತು ಅಂತಾರ. ಆದರೆ ಮೂರು ಅರ್ಧಸ್ವರದಷ್ಟು ಶ್ರುತಿ ಇಳಿಸಿದ್ದು 1971ರ ಮೂರನೇ ಆಲ್ಬಮಿನಲ್ಲಿ. ಮೊದಲ ಆಲ್ಬಮಿನ ಶ್ರುತಿ ಸಾಮಾನ್ಯದ್ದೇ.

ಹಂಗಾದ್ರ ಭಾರ ಎಲ್ಲಿಂದ ಬಂತು? ಶೀರ್ಷಿಕೆ ಗೀತೆಯ ಮೂಲಪದ ಮೂರೇ ಸ್ವರ: ಷಡ್ಜ, ತಾರ ಷಡ್ಜ, ತೀವ್ರ ಮಧ್ಯಮ. ನಮ್ಮ ಕಿವಿಗೆ ತೀವ್ರ ಮಧ್ಯಮ ಹೊಸದಲ್ಲ. ಯಮನ್‌ನಲ್ಲಿ ಅದು ಪಂಚಮಕ್ಕೆ ದಾರಿ ಮಾಡಿಕೊಡ್ತದ. ಇಲ್ಲಿ ಆ ಪಂಚಮ ಬರೂದೇ ಇಲ್ಲ, ಸ್ವರ ಅಲ್ಲೇ ನಡುಗುತ್ತ ನಿಲ್ತದ. ಭಾರ ಇರೂದು ಆ ನಿಲುಗಡೆಯಲ್ಲಿ, ಸಾವಕಾಶ ಲಯದಲ್ಲಿ. ಬಿಲ್ ವಾರ್ಡ್‌ನ ಡ್ರಮ್ಮಿನಲ್ಲಿ ಜಾಝ್‌ನ ತೂಗಾಟವೂ ಅದ, ಯಂತ್ರದ ಏಕತಾನತೆ ಅಲ್ಲ.

ದೋಷವನ್ನೂ ಹೇಳಬೇಕು. ಬ್ರಿಟಿಷ್ ಆವೃತ್ತಿಯಲ್ಲಿ ಎರಡು ಹಾಡು ಬೇರೆ ಬ್ಯಾಂಡುಗಳವು. ಕೊನೆಯ ‘ವಾರ್ನಿಂಗ್’ ಗಿಟಾರಿನ ಅಲೆದಾಟದಲ್ಲಿ ಹಿಡಿತ ಕಳೆದುಕೊಳ್ತದ. ಇನ್ನೊಂದು ದಿನ ಸಿಕ್ಕಿದ್ದರೆ ಕತ್ತರಿಸುತ್ತಿದ್ದರೇನೋ. ಆದರೆ ಆ ಒರಟುತನವೂ ಹೋಗುತ್ತಿತ್ತು.

ಗಡಿಯ ಊರುಗಳ ಹುಡುಗರು ‘ಸ್ಟುಡಿಯೊಗೆ ದುಡ್ಡಿಲ್ರಿ’ ಅಂದಾಗ ಈ ಆಲ್ಬಮ್ ತೋರಿಸಿ ಉಪದೇಶ ಮಾಡೂದು ಸುಲಭ. ಅದು ಅನ್ಯಾಯ. ಒಂದು ದಿನ ಸಾಲುವಂತೆ ಮಾಡಿದ್ದು ಅದರ ಹಿಂದಿನ ನೂರಾರು ರಾತ್ರಿಗಳು. ಅವರಿಗೆ ಬಾರಿಸಲು ಕ್ಲಬ್ಬುಗಳಿದ್ದವು. ನಮ್ಮಲ್ಲಿ ಕೊರತೆ ಇರೂದು ಬರೀ ಸ್ಟುಡಿಯೊದ್ದಲ್ಲ. ವಾರವಾರ ಬಾರಿಸಿ, ತಪ್ಪಿ, ಮತ್ತೆ ಬಾರಿಸುವ ಜಾಗದ್ದು. ಚರ್ಚೆ ಅಲ್ಲಿಂದ ಶುರುವಾಗಲಿ.