ಆಕಾಶವಾಣಿಯ ಕನ್ನಡ: ಒಂದು ದಿನದ ಶ್ರವಣ

ವಿಮರ್ಶೆಯೆಂದರೆ ಪುಸ್ತಕದ ವಿಮರ್ಶೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬರೆದುದನ್ನು ತೂಗಿ ನೋಡುವ ನಾವು ಆಡಿದುದನ್ನು ತೂಗುವುದಿಲ್ಲ. ಆದರೆ ಗಡಹಿಂಗ್ಲಜದ ಸುತ್ತಲಿನ ಕನ್ನಡ ಮನೆಗಳ ಮಗುವಿನ ಸ್ಥಿತಿಯನ್ನು ಯೋಚಿಸಿರಿ. ಮನೆಯ ಮಾತು ಕನ್ನಡ. ಪೇಟೆ, ಕಚೇರಿ, ಬಸ್ಸಿನ ಫಲಕ ಎಲ್ಲವೂ ಮರಾಠಿ. ಮನೆಯ ಆಡುಮಾತಿಗೂ ಪಾಠಪುಸ್ತಕದ ಗ್ರಂಥಭಾಷೆಗೂ ನಡುವೆ ಸುಶಿಕ್ಷಿತರು ನಾಲ್ಕು ಜನರೆದುರು ಆಡುವ ಕನ್ನಡವೊಂದುಂಟಷ್ಟೆ. ಅದು ಆ ಮಗುವಿನ ಕಿವಿಗೆ ಬೀಳುವುದು ಎಲ್ಲಿಂದ? ಟಿ.ವಿ. ಧಾರಾವಾಹಿಗಳಲ್ಲಿ ಮಾತಿಗಿಂತ ಕಣ್ಣೀರು ಹೆಚ್ಚು. ಉಳಿದದ್ದು ಆಕಾಶವಾಣಿ.

ಆ ಹೆಸರೇ ಕನ್ನಡ ನಾಡಿನ ಕೊಡುಗೆ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆರಂಭಿಸಿದ ಚಿಕ್ಕ ನಿಲಯವು ‘ಆಕಾಶವಾಣಿ’ಯೆನಿಸಿತು, ಮುಂದೆ ಇಡಿಯ ದೇಶದ ಪ್ರಸಾರ ಸಂಸ್ಥೆಯೇ ಆ ಹೆಸರನ್ನು ಧರಿಸಿತು. ನಮಗೆ ಸಮೀಪದ ಕನ್ನಡ ನಿಲಯವಾದ ಧಾರವಾಡವು ಆರಂಭವಾದದ್ದು 1950ರ ಜನವರಿ 8ರಂದು.

ಬೇಸಿಗೆಯ ರಜೆಯ ಕೊನೆಯ ವಾರದಲ್ಲಿ, ಮುಂಗಾರಿಗೆ ಮೊದಲಿನ ಮಳೆ ಎರಡು ಸಲ ಬಿದ್ದ ಮೇಲೆ, ಒಂದು ದಿನ ಮುಂಜಾನೆಯಿಂದ ರಾತ್ರಿಯವರೆಗೆ ಕಾಗದ ಸೀಸದಕಡ್ಡಿ ಹಿಡಿದು ಕನ್ನಡ ನಿಲಯಗಳನ್ನು ಕೇಳಿದೆನು. ಹಾಡುಗಳನ್ನು ಬಿಟ್ಟು ಮಾತನ್ನಷ್ಟೇ ಗಮನಿಸಿದೆನು. ಯಾವುದು ಯಾವ ನಿಲಯದ್ದೆಂದು ಇಲ್ಲಿ ಹೇಳುವುದಿಲ್ಲ. ನಾನು ಕಂಡ ಗುಣದೋಷಗಳು ಒಂದೇ ನಿಲಯದವಲ್ಲ.

ಮೊದಲು ವಾರ್ತೆ. ದಿಲ್ಲಿಯಿಂದ ಬರುತ್ತಿದ್ದ 7 ಗಂಟೆ 35 ನಿಮಿಷದ ಕನ್ನಡ ವಾರ್ತೆಗೆ ಗಡಿಯಾರ ಹೊಂದಿಸಿಕೊಂಡ ಹಿರಿಯರು ನಮ್ಮಲ್ಲಿ ಅನೇಕರು. ವಾರ್ತೆಯ ಉಚ್ಚಾರ ಇಂದಿಗೂ ಮಾದರಿಯಾದುದೇ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನೂ, ಹಕಾರವನ್ನೂ ಮಕ್ಕಳಿಗೆ ಕಲಿಸಬೇಕಾದರೆ ಇದಕ್ಕಿಂತ ಒಳ್ಳೆಯ ಸಾಧನ ಸಿಕ್ಕದು. ಆದರೆ ವಾಕ್ಯರಚನೆ? ‘ಆದೇಶ ಹೊರಡಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗುವುದು’, ‘ಒತ್ತಾಯಿಸಲಾಯಿತು’. ಹೊರಡಿಸಿದವರು ಯಾರು, ಒತ್ತಾಯಿಸಿದವರು ಯಾರು? ಕರ್ತೃವೇ ಕಾಣೆ. ಇಂಗ್ಲಿಷಿನಿಂದ ಅವಸರದಲ್ಲಿ ಇಳಿಸಿದ ಬರಹಕ್ಕೆ ಅಂಟಿದ ಈ ರೋಗ ಮಕ್ಕಳಿಗೂ ಹತ್ತಿದೆ. ನಮ್ಮ ಐದನೆಯ ಇಯತ್ತೆಯ ಹುಡುಗನೊಬ್ಬ ಹಬ್ಬದ ನಿಬಂಧದಲ್ಲಿ ‘ಮನೆಯಲ್ಲಿ ಹೋಳಿಗೆ ಮಾಡಲಾಯಿತು, ಅವುಗಳನ್ನು ನನ್ನಿಂದ ತಿನ್ನಲಾಯಿತು’ ಎಂದು ಬರೆದಿದ್ದನು. ನಕ್ಕೆನು, ಆದರೂ ಅವನನ್ನು ತಪ್ಪುಗಾರನೆನ್ನಲು ಮನಸ್ಸು ಬರಲಿಲ್ಲ.

ಸಾಹಿತ್ಯ ಭಾಷಣವೊಂದು ಬಂದಿತು. ವಿಷಯ ಯೋಗ್ಯ, ವಿದ್ವತ್ತು ನಿಸ್ಸಂದೇಹ. ಆದರೆ ಅದು ಭಾಷಣವಲ್ಲ, ಓದಿ ಹೇಳಿದ ಪ್ರಬಂಧ. ಕಣ್ಣು ಹಿಂದಿನ ಸಾಲಿಗೆ ಮರಳಬಲ್ಲದು, ಕಿವಿ ಮರಳಲಾರದು. ಮೂರು ಉಪವಾಕ್ಯಗಳನ್ನು ದಾಟಿ ಕ್ರಿಯಾಪದ ಬರುವಷ್ಟರಲ್ಲಿ ಕರ್ತೃವನ್ನು ಮರೆತಿರುತ್ತೇವೆ. ನಡುವೆ ಎರಡು ನಿಮಿಷ ಭಾಷಣಕಾರರು ಕಾಗದವನ್ನು ಬದಿಗಿಟ್ಟಂತೆ ತೋರಿತು. ತಾವು ಚಿಕ್ಕಂದಿನಲ್ಲಿ ಆ ಕವಿಯ ಪದ್ಯವನ್ನು ಮೊದಲು ಕೇಳಿದ ಸಂಜೆಯನ್ನು ನೆನೆದರು. ಆ ಎರಡು ನಿಮಿಷ ನನ್ನ ಮನಸ್ಸಿನಲ್ಲಿ ನಿಂತಿವೆ, ಉಳಿದವು ನಿಂತಿಲ್ಲ. ಸೊಲ್ಲಾಪುರದ ಅಧ್ಯಾಪನ ಮುಗಿಸಿ 1956ರಲ್ಲಿ ಧಾರವಾಡಕ್ಕೆ ಮರಳಿದ ಬೇಂದ್ರೆಯವರು ಅಲ್ಲಿಯ ನಿಲಯದ ಸಲಹೆಗಾರರಾಗಿದ್ದರು. ಹಾಸ್ಯಲೇಖಕ ಎನ್ಕೆ ಅಲ್ಲಿಯೇ ದುಡಿದವರು. ಮಾತೇ ಪ್ರಾಣವಾಗಿದ್ದ ಅಂಥವರ ಪರಂಪರೆ ಇರುವಾಗ ಬರಿಯ ಓದಿಗೆ ಏಕೆ ತೃಪ್ತರಾಗಬೇಕು?

ನಾಟಕವು ಸಾಧಾರಣ. ಬಾಗಿಲ ಸಪ್ಪಳವೇ ಹೆಚ್ಚಾಯಿತು.

ದಿನದ ಅತ್ಯುತ್ತಮ ಕನ್ನಡವನ್ನು ನಾನು ಕೇಳಿದ್ದು ರೈತರ ಕಾರ್ಯಕ್ರಮದಲ್ಲಿ. ಹೀಗೆಂದರೆ ಕೆಲವರು ಹುಬ್ಬೇರಿಸಬಹುದು. ವಿಷಯ ಕಬ್ಬಿನ ಗೊಣ್ಣೆ ಹುಳ. ತಜ್ಞರು ‘ಜೀವನಚಕ್ರ’, ‘ಪ್ರೌಢಾವಸ್ಥೆ’, ‘ನಿಯಂತ್ರಣೋಪಾಯ’ಗಳಿಂದಲೇ ತೊಡಗಿದರು. ಬೇರು ತಿಂದ ಮೇಲೆ ಔಷಧ ಹಾಕಿ ಏನು ಪ್ರಯೋಜನವೆಂದು ರೈತರೊಬ್ಬರು ಅಡ್ಡಬಂದು ಕೇಳಿದರು. ಅಲ್ಲಿಂದ ಮಾತಿನ ಮೈಯೇ ಬದಲಾಯಿತು. ಮೊದಲ ಮಳೆಯ ಸಂಜೆ ದುಂಬಿಗಳು ನೆಲದಿಂದೇಳುತ್ತವೆ. ಬೇವು, ಜಾಲಿ ಮರಗಳನ್ನು ಮುತ್ತುತ್ತವೆ. ಆಗ ಕೊಂಬೆ ಅಲುಗಿಸಬೇಕು, ಉದುರಿದವನ್ನು ಆರಿಸಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು, ತತ್ತಿ ಇಡುವ ಮೊದಲೇ ಹಾಕಬೇಕು. ಒಂದು ವಾಕ್ಯಕ್ಕೆ ಒಂದು ಕೆಲಸ. ಕೆಲಸದ ಕ್ರಮವೇ ವಾಕ್ಯದ ಕ್ರಮ. ಯಾವ ಪ್ರೌಢಗದ್ಯಕ್ಕೂ ಇದಕ್ಕಿಂತ ಹೆಚ್ಚಿನ ಗುಣ ಬೇಕಿಲ್ಲ. ಬದಿಯಲ್ಲಿ ಕುಳಿತಿದ್ದ ನೆರೆಮನೆಯ ಹುಡುಗಿ, ‘ಗುರುಗಳೇ, ಇದು ನಮ್ಮ ಹುಮಣಿ ಅಲ್ಲವೇ?’ ಎಂದಳು. ಹೌದು, ಅದೇ. ಮರಾಠಿಯ ಹೆಸರೊಂದನ್ನೇ ಬಲ್ಲ ಹುಳಕ್ಕೆ ಆಕೆಗೆ ಆ ದಿನ ಕನ್ನಡದ ಹೆಸರೂ ದೊರೆಯಿತು. ಹಳೆಯದನ್ನು ಬಿಡಬೇಕಾಗಿಲ್ಲ, ಎರಡೂ ಇರಲಿ.

ಶಾಲಾ ಪಾಠಗಳ ಮಾತು ಬೇರೆ. ‘ಕೇಳಿ-ಕಲಿ’ಯಂಥ ಪ್ರಸಾರಗಳು ಕರ್ನಾಟಕದ ಪಠ್ಯಪುಸ್ತಕವನ್ನು ಅನುಸರಿಸಿದವು. ನಮ್ಮ ಮಕ್ಕಳ ಕೈಯಲ್ಲಿರುವುದು ಪುಣೆಯ ಬಾಲಭಾರತಿ ಸಿದ್ಧಪಡಿಸಿದ ಕನ್ನಡ ಪುಸ್ತಕ. ಅಲ್ಲಿಯ ಪದ್ಯ ಇಲ್ಲಿಲ್ಲ, ಇಲ್ಲಿಯ ಪಾಠ ಅಲ್ಲಿಲ್ಲ. ಅಂಥ ಪಾಠವನ್ನು ಪಠ್ಯವಾಗಿ ಅಲ್ಲ, ಮಾತಿನ ಮಾದರಿಯಾಗಿ ಕೇಳಿಸಬಹುದು.

ಕೇಳಿಸುವುದೇ ಕಷ್ಟವಾಗುತ್ತಿದೆ ಎಂಬುದನ್ನೂ ಹೇಳಬೇಕು. ಇಚಲಕರಂಜಿಯ ಬಂಧುಗಳ ಮನೆಯಲ್ಲಿ ವಿದ್ಯುನ್ಮಗ್ಗಗಳ ಮೋಟಾರು ತಿರುಗುವವರೆಗೆ ಮಧ್ಯಮ ತರಂಗದಲ್ಲಿ ಬರಿಯ ಗರಗರ ಶಬ್ದ. ಎಫ್.ಎಂ.ಗೆ ಆ ಬಾಧೆ ಕಡಿಮೆ. ಆದರೆ ಅದರ ಅಲೆ ಬಹುಮಟ್ಟಿಗೆ ನೇರ ಸಾಗುವುದರಿಂದ ದೂರ ಬಾರದು, ಗುಡ್ಡ ಅಡ್ಡವಾದರೆ ನಿಲ್ಲುವುದು. ಧಾರವಾಡದ 765 ಕಿಲೋಹರ್ಟ್ಸಿನ ಮಧ್ಯಮ ತರಂಗವು ನೆಲವನ್ನು ಹಿಡಿದು ಬರುವುದರಿಂದಲೇ ರಾಜ್ಯದ ಗಡಿ ದಾಟಿ ನಮ್ಮನ್ನು ಮುಟ್ಟುತ್ತದೆ. ಮೊಬೈಲಿನಲ್ಲಿ ಎಲ್ಲ ನಿಲಯಗಳೂ ಸಿಗುತ್ತವೆಂಬುದು ನಿಜ. ಆ ಮೊಬೈಲು ಮನೆಯಲ್ಲಿ ಯಾರ ಕೈಯಲ್ಲಿರುತ್ತದೆ, ಅದರಲ್ಲಿ ಏನು ಕೇಳುತ್ತಾರೆ ಎಂಬುದನ್ನು ಶಿಕ್ಷಕ ಬಂಧುಗಳಿಗೆ ನಾನು ಹೇಳಬೇಕಾಗಿಲ್ಲ.

ಆದ್ದರಿಂದ ಸಂಘದ ಸದಸ್ಯರಲ್ಲಿ ಒಂದು ಬಿನ್ನಹ. ನಿಲಯಗಳಿಗೆ ಕಾಗದ ಬರೆಯಿರಿ, ಮಕ್ಕಳಿಂದಲೂ ಬರೆಯಿಸಿರಿ. ಯಾವುದು ತಿಳಿಯಿತು, ಯಾವುದು ತಿಳಿಯಲಿಲ್ಲ ಎಂಬುದನ್ನಷ್ಟೇ ಬರೆದರೆ ಸಾಕು. ಕೊಲ್ಹಾಪುರ ಜಿಲ್ಲೆಯಲ್ಲಿಯೂ ಕನ್ನಡ ಕೇಳುವವರಿದ್ದಾರೆಂಬುದು ಅಂಚೆಯ ಮುದ್ರೆಯಿಂದಲಾದರೂ ಅವರಿಗೆ ತಿಳಿಯುವುದು.