ಪಕ್ಷನಿಷ್ಠೆ ಮತ್ತು ಪ್ರಜಾಪ್ರಭುತ್ವದ ಹ್ರಾಸ: ಐರೋಪ್ಯ ಒಕ್ಕೂಟದಲ್ಲಿ ಹಂಗೆರಿಯ ಪ್ರಕರಣ

ಪ್ರಜಾಪ್ರಭುತ್ವವನ್ನೇ ಸದಸ್ಯತ್ವದ ನಿಬಂಧನೆಯನ್ನಾಗಿ ಮಾಡಿಕೊಂಡಿರುವ ರಾಷ್ಟ್ರಗಳ ಒಕ್ಕೂಟವು, ಸದಸ್ಯರಾಷ್ಟ್ರವೊಂದರಲ್ಲಿ ಆ ವ್ಯವಸ್ಥೆಯೇ ಕ್ಷೀಣಿಸುತ್ತಿರುವುದನ್ನು ಕಂಡೂ ಸುಮ್ಮನಿರುವುದೇಕೆ? ಈ ಪ್ರಶ್ನೆಗೆ ರಾಜ್ಯಶಾಸ್ತ್ರಜ್ಞ ಆರ್. ಡೇನಿಯಲ್ ಕೆಲೆಮನ್ ಅವರು 2017 ಮತ್ತು 2020ರ ತಮ್ಮ ಪ್ರಬಂಧಗಳಲ್ಲಿ ಕೊಟ್ಟಿರುವ ಉತ್ತರವು ವಿಚಾರಾರ್ಹವಾದುದು. ಐರೋಪ್ಯ ಒಕ್ಕೂಟದಲ್ಲಿ ಪಕ್ಷರಾಜಕೀಯವು ಅರ್ಧ ಮಾತ್ರ ಬೆಳೆದಿದೆಯೆಂಬುದು ಅವರ ವಾದದ ತಿರುಳು. ನಿರಂಕುಶ ಪ್ರವೃತ್ತಿಯ ನಾಯಕನು ಗೆದ್ದು ತರುವ ಸ್ಥಾನಗಳು ಐರೋಪ್ಯ ಪಕ್ಷಕ್ಕೆ ಬೇಕಾಗುವಷ್ಟು ಅದು ಬೆಳೆದಿದೆ. ಆ ನಂಟಿಗಾಗಿ ಇತರ ರಾಷ್ಟ್ರಗಳ ಮತದಾರರು ಪಕ್ಷವನ್ನು ದಂಡಿಸುವಷ್ಟು ಬೆಳೆದಿಲ್ಲ. ಒಕ್ಕೂಟದ ಧನಸಹಾಯವೂ ಅತೃಪ್ತ ಪ್ರಜೆಗಳ ನಿರ್ಬಾಧ ವಲಸೆಯೂ ಇಂಥ ನಾಯಕನಿಗೆ ಒದಗುವ ಇತರ ಆಸರೆಗಳೆಂದು ಅವರು ಎಣಿಸುತ್ತಾರೆ.

ಹಂಗೆರಿಯ ಇತಿಹಾಸವು ಈ ವಾದಕ್ಕೆ ಬಹುಮಟ್ಟಿಗೆ ಸಾಕ್ಷಿ ನುಡಿಯುತ್ತದೆ. ವಿಕ್ಟರ್ ಓರ್ಬಾನರ ಫಿಡೆಸ್ ಪಕ್ಷವು 2010ರಲ್ಲಿ ಮಿತ್ರಪಕ್ಷದೊಡನೆ ಮೂರನೆಯ ಎರಡರಷ್ಟು ಬಹುಮತ ಗಳಿಸಿ, 2011ರಲ್ಲಿ ಹೊಸ ಸಂವಿಧಾನವನ್ನು ಅಂಗೀಕರಿಸಿತು. ಫಿಡೆಸ್ ಆಗ ಐರೋಪ್ಯ ಸಂಸತ್ತಿನ ಅತಿದೊಡ್ಡ ಬಣವಾದ ಐರೋಪ್ಯ ಜನಪಕ್ಷದ ಅಂಗವಾಗಿತ್ತು. ಹಂಗೆರಿಯನ್ನು ಟೀಕಿಸಿದ 2013ರ ವರದಿಯನ್ನು ಸಂಸತ್ತು ಅಂಗೀಕರಿಸಿದಾಗ ಜನಪಕ್ಷದವರಲ್ಲಿ ಬಹುಮಂದಿ ಅದನ್ನು ವಿರೋಧಿಸಿದರು. 2019ರ ಮಾರ್ಚಿಯಲ್ಲಿ ಫಿಡೆಸ್‌ನ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟರೂ ಸಂಸತ್ತಿನ ಬಣದಿಂದ ಅದನ್ನು ಹೊರಹಾಕಲಿಲ್ಲ. ಕಡೆಗೆ 2021ರಲ್ಲಿ ಹೊರಹಾಕಲು ಅವಕಾಶವಾಗುವಂತೆ ಬಣದ ನಿಯಮಗಳನ್ನು ತಿದ್ದಿದಾಗ, ಫಿಡೆಸ್ ತಾನಾಗಿಯೇ ಹೊರನಡೆಯಿತು.

ಆದರೂ ಈ ಉತ್ತರವನ್ನು ಸರ್ವಾಂಶದಲ್ಲಿ ಒಪ್ಪುವುದಕ್ಕಾಗದು. ಮೊದಲನೆಯದಾಗಿ, 2018ರ ಸೆಪ್ಟೆಂಬರಿನಲ್ಲಿ ಒಕ್ಕೂಟದ ಒಪ್ಪಂದದ 7ನೆಯ ವಿಧಿಯನ್ವಯ ಹಂಗೆರಿಯ ಮೇಲೆ ಕ್ರಮಕ್ಕಾಗಿ ಬಂದ ನಿರ್ಣಯವು 197ರ ವಿರುದ್ಧ 448 ಮತಗಳಿಂದ ಅಂಗೀಕೃತವಾಯಿತು. ಫಿಡೆಸ್ ಇನ್ನೂ ಒಳಗಿದ್ದಾಗಲೇ ಜನಪಕ್ಷದ ಅಧಿಕಾಂಶ ಸದಸ್ಯರು ಅದರ ಪರವಾಗಿ ಮತವಿತ್ತರು. ಪಕ್ಷನಿಷ್ಠೆಯು ಸಡಿಲವಾಗಬಲ್ಲದು. ಎರಡನೆಯದಾಗಿ, ಆ ರಕ್ಷೆಯು 2021ರಲ್ಲಿ ಕಳಚಿಬಿದ್ದ ಮೇಲೂ ದಂಡನೆಯ ಹಾದಿ ತೆರೆಯಲಿಲ್ಲ. ಗಂಭೀರ ಉಲ್ಲಂಘನೆ ನಡೆದಿದೆಯೆಂದು ನಿರ್ಧರಿಸಲು ಆರೋಪಿತ ರಾಷ್ಟ್ರವೊಂದನ್ನುಳಿದು ಮಿಕ್ಕೆಲ್ಲವುಗಳ ಸರ್ವಾನುಮತ ಅವಶ್ಯ. 2023ರ ಅಂತ್ಯದವರೆಗೆ ಪೋಲೆಂಡನ್ನು ಆಳಿದ ಪಕ್ಷವು ಜನಪಕ್ಷಕ್ಕೆ ಸೇರಿದುದಲ್ಲ. ಆದರೂ ಹಂಗೆರಿ, ಪೋಲೆಂಡುಗಳು ಪರಸ್ಪರ ಬೆಂಗಾವಲಾಗಿ ನಿಂತವು. ಇಲ್ಲಿ ಅಡ್ಡಬಂದುದು ಪಕ್ಷವಲ್ಲ, ನಿಯಮ.

ಹಾಗಾದರೆ ಪಕ್ಷನಿಷ್ಠೆಯಿಂದಾದ ಹಾನಿಯೇನು? ಕಾಲಹರಣವೇ ಆ ಹಾನಿಯೆಂದು ನಮ್ಮ ಅಭಿಪ್ರಾಯ. ನ್ಯಾಯಾಧೀಶರ ನಿವೃತ್ತಿವಯಸ್ಸನ್ನು 70ರಿಂದ 62ಕ್ಕೆ ಇಳಿಸಿದ್ದು ಅಸಿಂಧುವೆಂದು ಒಕ್ಕೂಟದ ನ್ಯಾಯಾಲಯವು 2012ರ ನವೆಂಬರಿನಲ್ಲಿ ತೀರ್ಪಿತ್ತಿತು. ಅಷ್ಟರಲ್ಲಿ ಅನೇಕ ಪೀಠಗಳಲ್ಲಿ ಬೇರೆಯವರು ಕುಳಿತಿದ್ದರು. ಬುಡಾಪೆಸ್ಟಿನ ಸೆಂಟ್ರಲ್ ಯೂರೋಪಿಯನ್ ವಿಶ್ವವಿದ್ಯಾನಿಲಯವನ್ನು ಇಕ್ಕಟ್ಟಿಗೆ ಸಿಕ್ಕಿಸಿದ 2017ರ ಕಾನೂನನ್ನು ಅದೇ ನ್ಯಾಯಾಲಯವು 2020ರ ಅಕ್ಟೋಬರಿನಲ್ಲಿ ಖಂಡಿಸಿತು. ಬೋಧನೆಯು 2019ರಲ್ಲಿಯೇ ವಿಯೆನ್ನಾಕ್ಕೆ ಸ್ಥಳಾಂತರಗೊಂಡಿತ್ತು. ನ್ಯಾಯಾಲಯಗಳು ಸ್ವಭಾವತಃ ನಿಧಾನವಾಗಿ ನಡೆಯತಕ್ಕವು. ತ್ವರೆಯಿಂದ ನುಡಿಯಬಲ್ಲವನು ಹೊರಗಿನ ಪ್ರತಿಪಕ್ಷದವನಲ್ಲ, ಒಳಗಿನ ಮಿತ್ರನೇ. ಅವನ ಮಾತಿಗೆ ಬೆಲೆಯಿದ್ದ ಮೊದಲ ವರ್ಷಗಳಲ್ಲಿ ಅವನು ಮೌನಿಯಾಗಿದ್ದನು.

ಆಗ ಹಂಗೆರಿಯ ಪ್ರತಿಪಕ್ಷವಾಗಿದ್ದ ಟಿಸ್ಸಾ 2024ರಲ್ಲಿ ಏಳು ಸ್ಥಾನಗಳೊಡನೆ ಜನಪಕ್ಷದ ಬಣವನ್ನು ಸೇರಿತು. ಅಲ್ಲಿಂದ ಮುಂದೆ ಓರ್ಬಾನರನ್ನು ಟೀಕಿಸುವುದರಲ್ಲಿ ಪಕ್ಷದ ಹಿತವೂ ತತ್ತ್ವವೂ ಒಂದಾದುವು. ಹಿತವು ಕೂಡಿಬಂದಾಗ ತತ್ತ್ವವನ್ನು ಆಡುವುದು ಸುಲಭ. ಕೆಲೆಮನ್ನರ ಪ್ರಬಂಧಗಳನ್ನು ಓದುವ ವಿದ್ಯಾರ್ಥಿಯು ಸ್ಥಾನಗಳ ಲೆಕ್ಕದ ಜೊತೆಗೆ ದಿನಾಂಕಗಳ ಲೆಕ್ಕವನ್ನೂ ಇಟ್ಟುಕೊಳ್ಳುವುದು ಒಳಿತು: ಯಾರು ಏನು ನುಡಿದರೆಂಬುದಕ್ಕಿಂತ, ಎಂದು ನುಡಿದರೆಂಬುದು ಈ ಪ್ರಕರಣದಲ್ಲಿ ಹೆಚ್ಚಿನದು.